ಚಾಲಕನ ವಿವರಣೆ ಕೇಳದೆ ದಂಡ ಬೇಡ

ಮಾನ್ಯ ಸಂಪಾದಕರೇ,

ಚಿತ್ರದುರ್ಗದಲ್ಲಿ 9 ಲಾರಿಗಳನ್ನು ಇಟ್ಟುಕೊಂಡಿರುವ ನಾನು ಎರಡು ವರ್ಷಗಳಿಂದ ಅವುಗಳ ಉಸ್ತುವಾರಿಗೆ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಲಾರಿ ಎಲ್ಲಿದೆ, ಡೀಸೆಲ್ ಎಷ್ಟು ಖರ್ಚಾಗಿದೆ, ಚಾಲಕ ತೂಕಡಿಸಿದನೇ ಎಂಬುದೆಲ್ಲ ಮೊಬೈಲಿನಲ್ಲೇ ತಿಳಿಯುವುದರಿಂದ ಅದರ ಉಪಯೋಗವನ್ನು ಅಲ್ಲಗಳೆಯಲಾರೆ. ಆದರೆ ಕಳೆದ ವರ್ಷ ಮಂಗಳೂರಿಗೆ ಹೊರಟಿದ್ದ ನಮ್ಮ ಹಿರಿಯ ಚಾಲಕರೊಬ್ಬರ ಗಮನ ಶಿರಾಡಿ ಘಾಟಿಯಲ್ಲಿ ಮತ್ತೆ ಮತ್ತೆ ರಸ್ತೆ ಬಿಟ್ಟು ಬೇರೆಡೆ ಹೋಗಿತ್ತೆಂದು ಕ್ಯಾಬಿನ್ನಿನ ಎಐ ಕ್ಯಾಮೆರಾ ದಾಖಲಿಸಿತು. ಅದನ್ನು ಆಧರಿಸಿ ಅವರ ಚಾಲನೆಗೆ ಸಾಫ್ಟ್‌ವೇರ್ ಕೊಡುವ ಅಂಕ ಕುಸಿಯಿತು. ಆ ತಿಂಗಳ ಪ್ರೋತ್ಸಾಹಧನವನ್ನು ನಾನೇ ತಡೆಹಿಡಿದೆ. ಅವರು ಪಟ್ಟು ಹಿಡಿದ ಮೇಲೆ ವಿಡಿಯೊ ತೆಗೆಸಿ ನೋಡಿದರೆ, ತಿರುವುಗಳಲ್ಲಿ ಹಿಂದಿನ ಚಕ್ರ ಚರಂಡಿಗಿಳಿಯದಂತೆ ಪಕ್ಕದ ಕನ್ನಡಿಯ ಮೇಲೆ ಕಣ್ಣಿಟ್ಟದ್ದೇ ಅವರ ತಪ್ಪಾಗಿತ್ತು. ಹಣವನ್ನೇನೋ ಕೊಟ್ಟೆ, 22 ವರ್ಷ ಅಪಘಾತವಿಲ್ಲದೆ ಗಾಡಿ ಓಡಿಸಿದವರನ್ನು ಸಂಶಯಿಸಿದ ಸಂಕಟ ಇಂದಿಗೂ ಇದೆ.

ಮಾಹಿತಿಯ ಭದ್ರತೆಯೂ ಇಷ್ಟೇ ಸಡಿಲವಾಗಿದೆ. ಸರಕು ಪಡೆಯುವವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲೈವ್ ಲೊಕೇಶನ್ ಲಿಂಕ್ ಲೋಡ್ ಇಳಿಸಿದ ಎಷ್ಟೋ ದಿನಗಳ ನಂತರವೂ ತೆರೆಯುತ್ತಿತ್ತು. ಕೆಲಸ ಬಿಟ್ಟ ಗುಮಾಸ್ತರ ಪಾಸ್‌ವರ್ಡ್ ಕೂಡ ರದ್ದಾಗಿರಲಿಲ್ಲ. ಭೀಮಸಮುದ್ರದಿಂದ ಅಡಿಕೆ ತುಂಬಿಕೊಂಡು ಉತ್ತರಕ್ಕೆ ಹೊರಡುವ ಲಾರಿ ರಾತ್ರಿ ಯಾವ ಢಾಬಾದ ಮುಂದೆ ನಿಲ್ಲುತ್ತದೆ ಎಂಬ ವಿವರ ಕಳ್ಳರ ಕೈಗೆ ಬಿದ್ದರೆ ಹೋಗುವುದು ಸರಕು ಮಾತ್ರವಲ್ಲ, ಒಳಗೆ ಮಲಗಿರುವ ಚಾಲಕ, ಕ್ಲೀನರ್‌ಗಳ ಜೀವವೂ ಅಪಾಯಕ್ಕೆ ಸಿಲುಕುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಭದ್ರತಾ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುತ್ತದೆಯಾದರೂ, ಉದ್ಯೋಗದ ಉದ್ದೇಶಗಳಿಗೆ ನೌಕರನ ಒಪ್ಪಿಗೆಯಿಲ್ಲದೆಯೂ ಅವನ ಮಾಹಿತಿಯನ್ನು ಬಳಸಲು ಮಾಲೀಕನಿಗೆ ಅವಕಾಶ ಕೊಟ್ಟಿದೆ. ನಮ್ಮ ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ, ತಮ್ಮ ಕೆಲಸವನ್ನು ಅಳೆಯುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ತಿಳಿದುಕೊಳ್ಳುವ ಹಕ್ಕು ಆ್ಯಪ್ ಮೂಲಕ ದುಡಿಯುವವರಿಗೆ ದೊರೆತಿರುವುದು ನಿಜಕ್ಕೂ ಸಂತೋಷದ ಸಂಗತಿ. ಆದರೆ ತಿಂಗಳ ಸಂಬಳಕ್ಕೆ ಲಾರಿ, ಶಾಲಾ ಬಸ್ಸು, ಕಂಪನಿ ಕ್ಯಾಬ್ ಓಡಿಸುವವರು ಅದರ ವ್ಯಾಪ್ತಿಯಲ್ಲಿಲ್ಲ.

ನ್ಯಾಷನಲ್ ಪರ್ಮಿಟ್ ಲಾರಿಗಳಿಗೂ ಸ್ಥಳ ಪತ್ತೆ ಸಾಧನವನ್ನು ಕಡ್ಡಾಯಗೊಳಿಸಿರುವ ಸಾರಿಗೆ ಇಲಾಖೆ, ಕಾರ್ಮಿಕ ಇಲಾಖೆಯೊಡನೆ ಸೇರಿ ಈ ಚಾಲಕರಿಗೂ ಅದೇ ಹಕ್ಕನ್ನು ಕೊಡಬೇಕು. ಕ್ಯಾಮೆರಾ ಕೊಟ್ಟ ಅಂಕವೊಂದನ್ನೇ ನಂಬಿ ಹಣ ಕಡಿತ ಮಾಡುವುದನ್ನು ನಿಷೇಧಿಸಿ, ವಿಡಿಯೊ ನೋಡಿ ಚಾಲಕನ ವಿವರಣೆ ಕೇಳಿದ ಬಳಿಕವೇ ತೀರ್ಮಾನವಾಗಬೇಕೆಂದು ನಿಯಮ ಮಾಡಲಿ. ಅಲ್ಲಿಯವರೆಗೆ ನಮ್ಮ ಕಚೇರಿಯಲ್ಲಿ ಆ ಅಂಕಕ್ಕೂ ಸಂಬಳಕ್ಕೂ ಸಂಬಂಧ ಕಡಿದಿದ್ದೇನೆ.

ಲಾರಿ ಮಾಲೀಕ, ಚಿತ್ರದುರ್ಗ