ನೀಸ್ ತಲುಪಿದೆವು, ಈಗ ಥ್ಯಾಂಕ್ಸ್ ಹೇಳುವ ಸರದಿ

ಕಳೆದ ವಾರ ನಾವು ಐದು ಜನ ಸೈಕಲ್ಲಿನ ಮುಂದಿನ ಚಕ್ರವನ್ನು ಮೆಡಿಟರೇನಿಯನ್ ನೀರಿಗೆ ಇಳಿಸಿದೆವು. ಜಿನೀವಾ ಸರೋವರದ ದಡದ ತೊನೋನ್‌ನಿಂದ ಹೊರಟು ಹತ್ತನೇ ದಿನಕ್ಕೆ ನೀಸ್. ಈ ದಾರಿಗೆ ಫ್ರಾನ್ಸ್‌ನವರು 'ರೂಟ್ ದೆ ಗ್ರಾಂದ್ ಆಲ್ಪ್' ಅನ್ನುತ್ತಾರೆ, ಅಂದರೆ ದೊಡ್ಡ ಆಲ್ಪ್ಸ್ ಪರ್ವತಗಳ ದಾರಿ. ಸುಮಾರು 700 ಕಿಲೋಮೀಟರ್. ಕೇಳಿದರೆ ಇಷ್ಟೇನಾ ಅನಿಸುತ್ತದೆ. ಆದರೆ ಒಂದು ಘಾಟಿ ಇಳಿದು ಉಸಿರು ಬಿಡುವಷ್ಟರಲ್ಲಿ ಇನ್ನೊಂದರ ಏರು ಶುರು.

ಹೋಗುವ ಮುಂಚೆ ನಾನು ಹೆದರಿದ್ದು ಏರಿಗೆ. ಆರು ತಿಂಗಳು ಬೆವರು ಸುರಿಸಿದ್ದೂ ಅದಕ್ಕೇ. ಕೊನೆಗೆ ನನ್ನನ್ನು ಅಳಿಸಿದ್ದು ಇಳಿಜಾರು.

ನಾಲ್ಕನೇ ದಿನ ಇಸರಾನ್ ಘಾಟಿ. 2764 ಮೀಟರ್ ಎತ್ತರ, ಕೆಳಗಿನ ಬೂರ್ ಸೇಂ ಮೊರೀಸ್ ಊರಿನಿಂದ ಹೆಚ್ಚುಕಡಿಮೆ 48 ಕಿಲೋಮೀಟರ್ ಏರು. ಕೆಳಗೆ ಬಿಸಿಲು ಚುರುಗುಟ್ಟುತ್ತಿತ್ತು. ಭಾರ ಕಡಿಮೆಯಾಗಲಿ ಅಂತ ದಪ್ಪ ಕೈಗವಸನ್ನು ಸಾಮಾನಿನ ವ್ಯಾನಿಗೆ ಹಾಕಿಬಿಟ್ಟೆ. ಜುಲೈ ತಿಂಗಳಲ್ಲಿ ಯಾಕೆ ಬೇಕು, ಅಲ್ವಾ? ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ತಂಪಾಗುತ್ತದೆ ಅಂತ ಗೊತ್ತಿತ್ತು. ಲೆಕ್ಕ ಹಾಕಲಿಲ್ಲ, ಅಷ್ಟೇ. ತುದಿಯಲ್ಲಿ ಮೋಡ ಕವಿದು ಆಲಿಕಲ್ಲು ಬೀಳತೊಡಗಿತು. ಅಲ್ಲೊಂದು ಕಲ್ಲಿನ ಪುಟ್ಟ ಚರ್ಚ್ ಇದೆ. ಅದರ ಹೆಸರಿನಲ್ಲೇ 'ಎಚ್ಚರ' ಅನ್ನುವ ಅರ್ಥ ಇದೆಯಂತೆ. ನನಗೆ ಆಮೇಲೆ ಗೊತ್ತಾಯಿತು, ಬಿಡಿ.

ಇಳಿಯುವಾಗ ಕಾಲು ತುಳಿಯುವುದಿಲ್ಲ, ಮೈ ಬಿಸಿಯಾಗುವುದಿಲ್ಲ, ಎದೆಗೆ ಗಾಳಿ ಹೊಡೆಯುತ್ತಲೇ ಇರುತ್ತದೆ. ಮೂರ್ನಾಲ್ಕು ತಿರುವು ಕಳೆಯುವಷ್ಟರಲ್ಲಿ ಬೆರಳು ನನ್ನದಲ್ಲ ಅನಿಸಿತು. ಬ್ರೇಕ್ ಒತ್ತುತ್ತಿದ್ದೇನೋ ಇಲ್ಲವೋ ಅಂತ ಕಣ್ಣಿಂದ ನೋಡಿ ತಿಳಿಯಬೇಕು. ರಸ್ತೆ ಪಕ್ಕ ಒಂದು ಮನೆ-ವ್ಯಾನ್ ನಿಂತಿತ್ತು. ನಾನು ಇಳಿದೆನೋ ಬಿದ್ದೆನೋ ನೆನಪಿಲ್ಲ. ವಯಸ್ಸಾದ ಗಂಡ ಹೆಂಡತಿ ಬಾಗಿಲು ತೆರೆದು ಒಳಗೆ ಕೂರಿಸಿದರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಆ ಯಜಮಾನರು ಹಳೆ ಪತ್ರಿಕೆ ಮಡಚಿ ನನ್ನ ಜರ್ಸಿಯೊಳಗೆ ಎದೆಗೆ ತುರುಕಿದರು. ಹಳೇ ಕಾಲದ ರೇಸ್ ಸವಾರರು ಹೀಗೇ ಮಾಡುತ್ತಿದ್ದರು ಅಂತ ಓದಿದ್ದೆ. ನನ್ನ ಎದೆಗೂ ಬರುತ್ತದೆ ಅಂದುಕೊಂಡಿರಲಿಲ್ಲ. ಆಕೆ ಬಿಸಿ ಸೂಪ್ ಕೊಟ್ಟು, ಉಣ್ಣೆ ಕಾಲುಚೀಲ ತಂದು ನನ್ನ ಕೈಗೆ ತೊಡಿಸಿದರು. ಹೌದು, ಕೈಗೇ. ಅದರಲ್ಲೇ ಕೆಳಗಿನ ಬೊನ್ನೆವಾಲ್ ಹಳ್ಳಿ ತನಕ ಇಳಿದೆ. ಅಮ್ಮಾ, ಹೆಸರು ಕೇಳುವುದಕ್ಕೂ ಬಾಯಿ ಬರಲಿಲ್ಲ. ಕ್ಷಮಿಸಿ.

ನಮ್ಮ ಗುಂಪಿನ ಹಿರಿಯರಿಗೆ ಇನ್ನೊಂದು ದೊಡ್ಡ ಥ್ಯಾಂಕ್ಸ್. ಮರುದಿನ ತೆಲೆಗ್ರಾಫ್ ಘಾಟಿ ಹತ್ತಿ, ವಲ್ವಾರ್ ಊರಿಗೆ ಇಳಿದು, ಮತ್ತೆ 18 ಕಿಲೋಮೀಟರ್ ಗಾಲಿಬಿಯೇ ಏರು. 1911ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಮೊದಲ ಸಲ ಹಾದುಹೋದ ಘಾಟಿ. ಪ್ರತಿ ಕಿಲೋಮೀಟರಿಗೂ ಒಂದು ಕಲ್ಲು, ಮುಂದಿನ ಏರು ಎಷ್ಟು ಕಡಿದು ಅಂತ ಅದರ ಮೇಲೆ ಬರೆದಿರುತ್ತದೆ. ಅಷ್ಟು ಪ್ರಾಮಾಣಿಕತೆ ಬೇಕಿರಲಿಲ್ಲ! ಸರ್, ನೀವು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. "ಕಲ್ಲು ಓದಬೇಡಯ್ಯಾ, ನನ್ನ ಹಿಂದಿನ ಚಕ್ರ ನೋಡು" ಅಂದಿರಿ. ಸುರಂಗ ದಾಟಿದ ಮೇಲಿನ ಕೊನೆಯ ಕಿಲೋಮೀಟರ್‌ನಲ್ಲಿ ನೀವೂ ಸುಮ್ಮನಾದಿರಿ. ಆಗ ನನಗೆ ಸ್ವಲ್ಪ ಸಮಾಧಾನವಾಯಿತು, ನಿಜ ಹೇಳ್ತೇನೆ.

ಹಿಂದಿನ ಚಕ್ರಕ್ಕೆ ಏರು ಹಗುರಾಗಿಸುವ 34 ಹಲ್ಲಿನ ಗೇರ್ ಹಾಕಲೇಬೇಕು ಅಂತ ಹಟ ಹಿಡಿದ ಮೆಕ್ಯಾನಿಕ್‌ಗೆ, ಇಜೋಆರ್ ಘಾಟಿಯ ಬೋಳು ಕಲ್ಲುಬಂಡೆಗಳ ನಡುವೆ ನನ್ನ ಪಂಕ್ಚರ್ ಹಾಕಿಕೊಟ್ಟ ಇಬ್ಬರು ಹುಡುಗಿಯರಿಗೆ, ದಿನಾ ಸಂಜೆ ನಮ್ಮ ಗೊಣಗಾಟ ಕೇಳಿದ ವ್ಯಾನ್ ಚಾಲಕರಿಗೆ ನಮಸ್ಕಾರ. ವಾರ್ಸ್, ಕಯೋಲ್ ಘಾಟಿಗಳಿಗೆ ಬೇರೆ ಥ್ಯಾಂಕ್ಸ್ ಇಲ್ಲ, ಅವು ಏನೂ ದಯೆ ತೋರಿಸಲಿಲ್ಲ. ಮನೆಯವರಿಗೆ ಎದುರಿಗೇ ಹೇಳಿದ್ದೇನೆ.

ಕಾಲುಚೀಲ ಒಗೆದು ಮಡಚಿ ಇಟ್ಟಿದ್ದೇನೆ. ಬೂದು ಬಣ್ಣ, ಎಡಗಾಲಿನದರ ಹಿಮ್ಮಡಿಯ ಹತ್ತಿರ ಕೆಂಪು ದಾರದಲ್ಲಿ ಹೊಲಿಗೆ ಹಾಕಿದೆ. ಯಾರಾದರೂ ಗುರುತು ಹಿಡಿದರೆ ದಯವಿಟ್ಟು ತಿಳಿಸಿ.