ರಾತ್ರಿಗೂ ಮುಯ್ಯಾಳು ಬೇಕು

ಮಾನ್ಯ ಸಂಪಾದಕರೇ,

ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ ಅಂತ ನಮ್ಮಲ್ಲೂ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ನಗುತ್ತಾ ಕೂತ ತಾಯಿ, ಮಡಿಲಲ್ಲಿ ಒಂದೇ ಮಗು. ಪುಣ್ಯಾತಗಿತ್ತಿಗೆ ರಾತ್ರಿ ಒಳ್ಳೇ ನಿದ್ದೆ ಆಗಿರಬೇಕು ಅಂದುಕೊಂಡೆ.

ಕಳೆದ ನವೆಂಬರ್‌ನಲ್ಲಿ ನನಗೆ ಅವಳಿ ಮಕ್ಕಳಾದವು. ಹುಡುಗಿ 2.2 ಕೆ.ಜಿ., ಹುಡುಗ 1.9. ಸಿಸೇರಿಯನ್. ಮನೆಗೆ ಕಳಿಸುವಾಗ ಆಸ್ಪತ್ರೆಯಲ್ಲಿ ಹೇಳಿದ್ದು ಒಂದೇ ಮಾತು: ‘ಎರಡಕ್ಕೆ ನಿಮ್ಮ ಹಾಲು ಸಾಲಲ್ಲಮ್ಮ, ಡಬ್ಬಿ ಹಾಲು ತಗೊಂಡುಹೋಗಿ.’ ತಗೊಂಡೇ ಬಂದೆವು.

ಏಳನೇ ದಿನ ಆಶಾ ಕಾರ್ಯಕರ್ತೆ ಅಕ್ಕ ಬಂದರು. ಹೊಲಿಗೆ ನೋವಿಗೆ ನಾನು ಮಕ್ಕಳನ್ನು ಹೊಟ್ಟೆ ಮೇಲೆ ಹಾಕಿಕೊಳ್ಳೋಕೇ ಹೆದರುತ್ತಿದ್ದೆ. ಅವರು ಎರಡೂ ಪಕ್ಕಕ್ಕೆ ದಿಂಬು ಒಟ್ಟಿ, ಕೊಡ ಸೊಂಟಕ್ಕಿಟ್ಟ ಹಾಗೆ ಒಂದೊಂದು ಕಂಕುಳಡಿಗೆ ಒಂದೊಂದು ಮಗು ಮಲಗಿಸಿದರು. ಕಾಲು ನನ್ನ ಬೆನ್ನ ಕಡೆಗೆ. ಹೊಲಿಗೆಗೆ ಏನೂ ತಾಗಲಿಲ್ಲ. ಹುಡುಗ ನಾಲ್ಕು ಸಲ ಚೀಪಿ ನಿದ್ದೆ ಹೋಗುತ್ತಿದ್ದ. ಅವನ ಅಂಗಾಲು ತಿಕ್ಕಿ ಎಬ್ಬಿಸಿ, ಆಗಲೂ ಕುಡಿಯದಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ (ಮಗುವಿಗೆ ಕುಡಿಸುವ ಮೂತಿಯ ಪುಟ್ಟ ಬಟ್ಟಲು) ಹಾಕಿ ಅಂದರು. ‘ಚೀಪಿದಷ್ಟೂ ಹಾಲು ಬರೋದು. ರಾತ್ರಿದಂತೂ ತಪ್ಪಿಸಬೇಡ.’

ಹೇಳಿ ಮಧ್ಯಾಹ್ನ ಊಟದ ಹೊತ್ತಿಗೆ ಹೊರಟರು. ನನ್ನ ಕಷ್ಟ ಶುರುವಾಗುವುದೇ ಅವರು ಹೋದ ಮೇಲೆ. ಅವರದ್ದು ತಪ್ಪು ಅನ್ನುತ್ತಿಲ್ಲ. ಸಿಸೇರಿಯನ್ ಆದವರ ಮನೆಗೆ ಏಳನೇ ದಿನದಿಂದ 42ನೇ ದಿನದೊಳಗೆ ಐದು ಸಲ ಬರಬೇಕು, ಬಂದರು. ನಡುರಾತ್ರಿ ಕಾಡುದಾರಿಯಲ್ಲಿ ಬನ್ನಿ ಅನ್ನೋಕಾಗುತ್ತದಾ? ಮಗು ಬಾಯಿ ಹಚ್ಚಲಿಲ್ಲ ಅಂತ 108ಕ್ಕೆ ಫೋನ್ ಮಾಡೋಕಾಗುತ್ತದಾ?

ಒಂದೊಂದಕ್ಕೆ ದಿನಕ್ಕೆ ಎಂಟು ಹತ್ತು ಸಲ ಕುಡಿಸಬೇಕು. ಒಂದು ಮಲಗಿದರೆ ಇನ್ನೊಂದು ಏಳುತ್ತದೆ. ಅಮ್ಮನಿಗೆ 62 ವರ್ಷ. ಬೆಳಗಾದರೆ ಹಂಡೆಗೆ ಬೆಂಕಿ, ಮಕ್ಕಳಿಗೆ ಎಣ್ಣೆ-ನೀರು, ನನಗೆ ಮೆಣಸಿನ ಸಾರು, ಮೇಲೆ ಅಡಿಕೆ ಕೊಯ್ಲಿನವರಿಗೆ ಅಡುಗೆ. ಯಜಮಾನರು ಬೆಂಗಳೂರಿನಲ್ಲಿ, ಭಾನುವಾರದ ಅಪ್ಪ. ಒಂದು ರಾತ್ರಿ ಅಮ್ಮ ಮಗುವನ್ನು ತೊಡೆ ಮೇಲೆ ಹಾಕಿಕೊಂಡೇ ತೂಕಡಿಸಿದರು. ಮಗು ಜಾರಿ ಕಂಬಳಿ ಮೇಲೆ ಬಿತ್ತು. ಏನೂ ಆಗಲಿಲ್ಲ. ಆದರೆ ಅಮ್ಮ ಬೆಳಗಿನವರೆಗೆ ಅತ್ತರು. ಮಾರನೇ ದಿನ ನಾನೇ ಡಬ್ಬಿ ಒಡೆಯೋಣ ಅಂದೆ.

ಅವತ್ತು ಸಂಜೆ ಚಪ್ಪರದಡಿ ಅಡಿಕೆ ಸುಲಿಯುತ್ತಿದ್ದವರಿಗೆ ಎರಡೂ ಮಕ್ಕಳ ಅಳು ಕೇಳಿಸಿತು. ಒಬ್ಬರು ಮೆಟ್ಟುಗತ್ತಿ ಬಿಟ್ಟೆದ್ದು, ಕೈಯ ಚೊಗರು ಹೋಗುವ ಹಾಗೆ ತಿಕ್ಕಿ ತಿಕ್ಕಿ ತೊಳೆದು ಒಳಗೆ ಬಂದರು. ‘ನೀನು ಅವನನ್ನು ಕುಡಿಸು, ಇವಳನ್ನು ನಾನು ನೋಡ್ತೀನಿ.’ ಆಮೇಲೆ ನಾಲ್ಕು ಜನ ಅವರವರೇ ಪಾಳಿ ಹಾಕಿಕೊಂಡರು. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ. ಬಟ್ಟೆ ಬದಲಿಸಿ ಮಗುವನ್ನು ನನ್ನ ಕೈಗೆ ಕೊಡುವುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗಿಸಿ ಮಲಗಿಸುವುದು, ಇನ್ನೊಂದನ್ನು ತರುವುದು. ನಾನು ಬರೀ ಹಾಲು ಕುಡಿಸುವುದು. ಅಮ್ಮನಿಗೆ ನಿದ್ದೆ. 28ನೇ ದಿನ ಹುಡುಗ 2.4 ಕೆ.ಜಿ. ತೂಗಿದ. ಡಬ್ಬಿಯ ಸೀಲ್ ಹಾಗೇ ಇತ್ತು.

ಆದರೆ ರಾತ್ರಿ ಎದ್ದವರಿಗೆ ಮರುದಿನ ಕೈ ಓಡುವುದಿಲ್ಲ. ಸುಲಿತಕ್ಕೆ ಲೆಕ್ಕದ ಕೂಲಿ. ಕಡಿಮೆ ಸುಲಿದರೆ ಕಡಿಮೆ ದುಡ್ಡು. ನಾನು ಕೊಟ್ಟಾಗ ಇಬ್ಬರು ತಗೊಂಡರು. ಇನ್ನಿಬ್ಬರು ‘ಮುಯ್ಯಿ ತೀರಿಸು ಸಾಕು’ ಅಂದರು. ತೋಟದ ಕೆಲಸಕ್ಕೆ ಕೂಲಿಯಿಲ್ಲದೆ ಒಬ್ಬರಿಗೊಬ್ಬರು ಮುಯ್ಯಾಳಾಗಿ ಹೋಗುವ ಹಾಗೆ, ಬೇಕಾದಾಗ ನಾನೂ ಹೋಗಬೇಕು ಅಂತ. ಎಲ್ಲ ಬಾಣಂತಿಗೂ ಇಂಥವರು ಸಿಗುತ್ತಾರಾ? ಸಿಕ್ಕರೂ ಸುಮ್ನೆ ನಿದ್ದೆಗೆಡಿ ಅನ್ನುವುದು ನ್ಯಾಯವಾ? ಸ್ತ್ರೀಶಕ್ತಿ ಸಂಘಗಳಲ್ಲಿ ಒಂದಿಷ್ಟು ಜನರಿಗೆ ಈ ಕೆಲಸ ಕಲಿಸಿ, ಅವಳಿ ಮಕ್ಕಳ ಮನೆಗೆ, ತೂಕ ಕಡಿಮೆ ಇರುವ ಮಕ್ಕಳ ಮನೆಗೆ ಮೊದಲ ನಲವತ್ತು ರಾತ್ರಿ ಕಳಿಸಲಿ. ಕೂಲಿ ಸರ್ಕಾರ ಕೊಡಲಿ. ಆಸ್ಪತ್ರೆಯವರು ಡಬ್ಬಿ ಬರೆದುಕೊಡುವ ಮೊದಲು, ತಾಯಿ ಕೈಲಿ ಒಂದು ಸಲ ಎರಡೂ ಮಕ್ಕಳಿಗೆ ಕುಡಿಸಿ ನೋಡಲಿ. ಅರ್ಧ ಗಂಟೆ ಕೆಲಸ.

ನಮ್ಮ ಪಕ್ಕದ ಕೇರಿಯಲ್ಲಿ ಒಬ್ಬಳಿಗೆ ಸ್ಕ್ಯಾನಿಂಗ್‌ನಲ್ಲಿ ಅವಳಿ ಅಂತ ಗೊತ್ತಾಗಿದೆ. ಕೊಯ್ಲಿನ ಹೊತ್ತಿಗೇ ಹೆರಿಗೆ. ಮಂಗಳವಾರ, ಶುಕ್ರವಾರ ನಾನು ಬರುತ್ತೇನೆ ಅಂದಿದ್ದೇನೆ. ಇನ್ನೂ ಐದು ರಾತ್ರಿಗೆ ಜನ ಬೇಕು.

— ಅವಳಿ ಮಕ್ಕಳ ತಾಯಿ, ಹೊಸನಗರ ತಾಲ್ಲೂಕು