ಯಜಮಾನ್ರು ಇಲ್ವೇನಮ್ಮಾ?

ಲ್ಯೂವೆನ್, ಬೆಲ್ಜಿಯಂ
ಭಾನುವಾರ

ಅಕ್ಕಾ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ತಲೆನೋವು ಇನ್ನೂ ಬಿಟ್ಟಿಲ್ಲ ಅಂದೆಯಲ್ಲ ಮೊನ್ನೆ ಫೋನಲ್ಲಿ. ಡಾಕ್ಟರು 'ಏನೂ ಇಲ್ಲ, ಟೆನ್ಶನ್ ಮಾಡ್ಕೋಬೇಡಿ' ಅಂದರಂತೆ. ಅದರ ಹಿಂದೆಯೇ ಮಂಡಿಯವನ ಸುದ್ದಿ ಹೇಳಿದೆ. ಹನ್ನೆರಡು ವರ್ಷದಿಂದ ಮನೆಯ ಕೊಬ್ಬರಿ ಲೆಕ್ಕ ಬರೆಯುವವಳು ನೀನು. ರೇಟು ಕೇಳಿದರೆ, 'ಯಜಮಾನ್ರು ಇಲ್ವೇನಮ್ಮಾ? ನಿಮಗ್ಯಾಕೆ ಈ ತಲೆಬಿಸಿ' ಅಂದನಂತೆ. ನೀನು ನಕ್ಕೆ, ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ಬರಲಿಲ್ಲ.

ಯಾಕಂದರೆ ನನಗೂ ಅದೇ ಆಗಿತ್ತು. ಎರಡು ತಿಂಗಳು ಕೂತು ಸಿದ್ಧ ಮಾಡಿದ ಪರೀಕ್ಷೆ ನನ್ನದು. ಲ್ಯಾಬಲ್ಲಿ ರಾತ್ರಿಯಿಡೀ ಮಷಿನ್ ಓಡಿಸಬೇಕಿತ್ತು. ಬಾಸ್ ಬಂದು, 'ನಿನಗೆ ಚಿಕ್ಕ ಮಗು ಇದೆಯಲ್ಲ, ನಾನೇ ನಿನ್ನ ಹೆಸರು ತೆಗೆದು ಅವನನ್ನ ಹಾಕಿದೆ' ಅಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಆ 'ಅವನಿಗೆ', ನನ್ನ ಜೊತೆ ಕೆಲಸ ಮಾಡುವವನಿಗೆ, ಎರಡು ಮಕ್ಕಳು! ನಾನೋ, ಥ್ಯಾಂಕ್ಸ್ ಅಂದುಬಿಟ್ಟೆ.

ಅವರು ಕೆಟ್ಟವರಲ್ಲ, ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಕ್ಕರೆಗೆ ಜಗಳ ಆಡೋದು ಹೇಗೆ? ರಾತ್ರಿಯೆಲ್ಲ ಹೊರಳಾಡಿದೆ. ನನ್ನ ಕೈಲಿ ಆಗಲ್ಲ ಅನ್ನಿಸಿತಾ ಅವರಿಗೆ? ಅಥವಾ ನಾನೇ ಸುಮ್ನೆ ದೊಡ್ಡದು ಮಾಡ್ತಿದೀನಾ? ಮಾರನೇ ದಿನ ಒಂದೇ ಪಟ್ಟಿಯ ಅಂಕಿಗಳನ್ನು ಮೂರು ಸಲ ಕೂಡಿದೆ. ಮೂರು ಉತ್ತರ ಬಂತು.

ಇಲ್ಲಿಂದ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಲಿಯೇಜ್. ಅಲ್ಲಿನ ಯೂನಿವರ್ಸಿಟಿಯ ಬೆನ್ವಾ ಡಾರ್ಡೆನ್ ಮತ್ತು ಜೊತೆಯವರು 2007ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದಿದ್ದಾರೆ. ಕೆಲಸದ ಆಯ್ಕೆ ಅಂತ ಹೆಂಗಸರನ್ನು ಪರೀಕ್ಷೆಗೆ ಕೂರಿಸಿದರು. ಮೊದಲು ಕೆಲವರಿಗೆ ಹೆಂಗಸರನ್ನು ನೇರವಾಗಿ ಹೀಗಳೆಯುವ ಮಾತು. ಕೆಲವರಿಗೆ 'ಗಂಡಸರು ಸಹಾಯ ಮಾಡ್ತಾರೆ ಬಿಡಿ' ಅನ್ನೋ ಥರದ ಸಿಹಿ ಮಾತು. ಜಾಸ್ತಿ ತಪ್ಪು ಮಾಡಿದವರು ಸಿಹಿ ಮಾತು ಕೇಳಿದವರೇ. 'ನನಗೆ ಬರುತ್ತಾ?' ಅನ್ನೋ ಅನುಮಾನ ತಲೆಯಲ್ಲಿ ಸುತ್ತುತ್ತಾ ಇದ್ದರೆ ಲೆಕ್ಕದ ಮೇಲೆ ಗಮನ ಎಲ್ಲಿ ನಿಲ್ಲುತ್ತದೆ ಹೇಳು. ಓದುವಾಗ ನನ್ನ ಮೂರು ಉತ್ತರ ನೆನಪಾಯಿತು, ಆಮೇಲೆ ನಿನ್ನ ತಲೆನೋವು.

ನಾನೇನು ಡಾಕ್ಟರಲ್ಲ. ಬಿಪಿ, ಕಣ್ಣು ಎರಡೂ ತೋರಿಸು. ಆದರೆ ನೋವು ಬಂದ ದಿನ ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಒಂದು ಗೆರೆ ಎಳೆದಿಡು. ಮಂಡಿಗೆ ಹೋದ ದಿನಕ್ಕೂ ಅದಕ್ಕೂ ತಾಳೆ ಆಗುತ್ತದಾ ನೋಡೋಣ. ಮುಂದಿನ ಸಲ ಭಾವ ಜೊತೆಗೆ ಬಂದರೂ ರೇಟು ಮಾತಾಡುವವಳು ನೀನೇ. ಭಾವ ಆಚೆ ಟೀ ಕುಡೀತಾ ಇರಲಿ.

ನಾನು ಬಾಸ್‌ಗೆ ಮೇಲ್ ಬರೆದು ಎರಡು ಸಲ ಅಳಿಸಿದ್ದೇನೆ. ಓದಿದರೆ ಬರೀ ಕ್ಷಮೆ ಕೇಳಿದ ಹಾಗಿತ್ತು. ನಾಳೆ ಎದುರಿಗೇ ಹೋಗಿ, ಮುಂದಿನ ರಾತ್ರಿ ಪರೀಕ್ಷೆ ನನ್ನದು ಅಂತ ಹೇಳುತ್ತೇನೆ. ಮಗು ಇವರ ಹತ್ತಿರ ಇರುತ್ತದೆ.

ಮಂಡಿಯವನು ಏನಂದ ಅಂತ ಮರೀದೆ ಬರಿ.

ನಿನ್ನ ತಂಗಿ